ರೈನೊನ ಕೋವಿಯೊಳಗೆ ಉಳಿದದ್ದು

ಕತೆ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಹೊಲದ ರೈನೊಗೆ ಆದದ್ದು... ಆ ಕೋವಿಯನ್ನು ನಾನೂ ಕಂಡವನೇ.

ನವೆಂಬರಿನ ಶನಿವಾರ, ಮಿಷಿಗನ್ನಿನ ಹಿಮ. ಬೆಳಗಾದರೆ ಜಿಂಕೆ ಬೇಟೆ ಶುರು. ಕತ್ತಲಾದ ಮೇಲೆ ರೈನೊ ಅಂಗಡಿಯಿಂದ ಮನೆಗೆ ಹೊರಟಿದ್ದ. ನೆರೆಮನೆಯ ಹಿಲ್ಯಾಳ ಬಾವಿಯ ಹತ್ತಿರ ಬಂದಾಗ ಅವಳು ಹೊಡೆಯುತ್ತಿದ್ದ ಕೈಪಂಪು ಕಿರ್ರ್... ಎಂದು ನಿಂತಿತು.

"ನಾಳೆ ಬೇಟೆಗಾ?" ಹಿಲ್ಯಾ ಪಿಸುಗುಟ್ಟಿದಳು.

"ಹೂಂ ಅಕ್ಕ. ಚಳಿಗಾಲಕ್ಕೆ ಮಾಂಸ ಬೇಕಲ್ಲ."

"ಅದೇ ಕೋವೀಲಾ? ಅದು ಬಾಯೇ ಬಿಡಲ್ವಲ್ಲೋ."

"ಗ್ರೀಸು ಕರಗಿದ್ರೆ ಬಿಡುತ್ತೆ."

"ಬಿಡ್ಲಿ... ನಾನೂ ಅದನ್ನೇ ಕಾಯ್ತಿದೀನಿ."

ಹಿಂದಿನ ವರ್ಷ ಇದೇ ಬೇಟೆಯ ದಿನ ಹಿಲ್ಯಾಳ ತಮ್ಮ ತೌನೊ ಜೌಗಿನಲ್ಲಿ ಗುಂಡೇಟಿಗೆ ಸತ್ತಿದ್ದ. ಊರಿಗೆ ಕೇಳಿಸಿದ್ದು ಎರಡು ಗುಂಡು. ರೈನೊ ಪೊಲೀಸ್ ಅಧಿಕಾರಿ ಷರೀಫನಿಗೆ ಹೇಳಿದ್ದು ಒಂದು. "ಜಿಂಕೆಗೆ ಹೊಡೆದೆ, ಅಲ್ಲಿಗೇ ಖಾಲಿ ತೋಟಾ ಹೊರಹಾಕೋ ಬೋಲ್ಟ್ ಕಚ್ಚಿಕೊಳ್ತು. ಎರಡನೇದು ಹೇಗೆ ಹೊಡೀಲಿ?" ಸೇನೆ ಮಾರಿದ ಹಳೇ ಕೋವಿ, ಹಿಂದಿನ ದಿನವಷ್ಟೇ ಕೊಂಡದ್ದು. ಅಂಥವುಗಳ ಒಳಗೆ ಗ್ರೀಸು ಗಟ್ಟಿಯಾಗಿರುತ್ತದೆ, ಗುಂಡು ಹಾರಿದ ಬಿಸಿಗೆ ಮೆತ್ತಗಾಗಿ ತೋಟಾವನ್ನು ಹಿಡಿದು, ಆರಿದರೆ ಮತ್ತೆ ಗಟ್ಟಿಯಾಗುತ್ತದೆ. ಷರೀಫ ಕೊಡತಿಯಿಂದ ಬಡಿದು ಸುಸ್ತಾಗಿ ನಂಬಿಬಿಟ್ಟ.

ನಿಜ ರೈನೊಗೆ ಗೊತ್ತಿತ್ತು. ಬೇಲಿ ಜಗಳದ ಸಿಟ್ಟಿನಲ್ಲಿ ಅವನು ತೌನೊಗೇ ಗುರಿಯಿಟ್ಟಿದ್ದ. ಮೊದಲ ಗುಂಡು ತಪ್ಪಿತು. ಬೋಲ್ಟ್ ಬೆಣ್ಣೆಯ ಹಾಗೆ ಜಾರಿತು, ಖಾಲಿ ತೋಟಾ ಹಾರಿತು, ಅದನ್ನು ಕೆಸರಿಗೆ ತುಳಿದ. ಎರಡನೆಯದು ತಪ್ಪಲಿಲ್ಲ. ಆ ತೋಟಾ ತೆಗೆಯಹೋದರೆ ಬೋಲ್ಟ್ ಕದಲಲಿಲ್ಲ... ಆಗಲೇ ಅವನಿಗೆ ಸುಳ್ಳು ಹೊಳೆದದ್ದು. ಪಾಪಿ! ಅದೇ ಕೋವಿಯಲ್ಲಿ ಮತ್ತೆ ಬೇಟೆಯಾಡಲು ಹೊರಟವನನ್ನು ಏನೆನ್ನೋಣ?

ಶನಿವಾರದ ಸೌನಾದಲ್ಲಿ, ಅಂದರೆ ಹಬೆಮನೆಯಲ್ಲಿ, ಎಲ್ಲರೂ ಬೆವರಿ ಮಿಂದಾದ ಮೇಲೆ, ಕಾದ ಕಲ್ಲಿಗೆ ಕೊನೆಯ ಸೌಟು ನೀರು ಹಾಕಿ ಬಾಗಿಲು ಮುಚ್ಚುವುದು ಫಿನ್ಲೆಂಡಿನಿಂದ ಬಂದ ನಮ್ಮ ಫಿನ್ ಜನರ ಪದ್ಧತಿ. ಆ ಆವಿ ತೀರಿಹೋದವರದ್ದು. ಆ ರಾತ್ರಿ ಬಾಗಿಲು ಮುಚ್ಚಿದ ಮೇಲೆ ರೈನೊ ಗ್ರೀಸು ಕರಗಿಸಲೆಂದು ಕೋವಿ, ಕೊಡತಿ ಹಿಡಿದು ತನ್ನ ಸೌನಾದ ಬಾಗಿಲಿಗೆ ಬಂದ.

"ಇದು ಅವರ ಪಾಳಿ ರೀ, ಬೇಡಿ," ಎಂದಳು ಹೆಂಡತಿ ಸೈಮಾ.

"ಸತ್ತೋರ ಬೆನ್ನು ಉಜ್ಜೋರು ಯಾರಿದಾರೇ? ಸುಮ್ನೆ ಸೌದೆ ದಂಡ!"

ಕೋವಿಯನ್ನು ಮೇಲಿನ ಹಲಗೆಯ ಮೇಲಿಟ್ಟ. ಕಲ್ಲು ಚಟ್... ಚಟ್... ಕರಗಿದ ಗ್ರೀಸು ಟಪ್... ಟಪ್... ಕೊಡತಿಯಿಂದ ಹೊಡೆದ. ಠಕ್. ಕದಲಲಿಲ್ಲ. ಠಕ್. ಇಲ್ಲ.

ಚುಸ್ಸ್...

ಕಲ್ಲಿಗೆ ಯಾರೋ ನೀರು ಹಾಕಿದರು. ಸೌಟು ಬಕೆಟ್ಟಿನಲ್ಲೇ ಇತ್ತು.

ಆವಿಯೊಳಗಿಂದ ಪಿಸುಮಾತು ಬಂತು. "ಬಡೀಬೇಡ್ವೋ ದಡ್ಡ... ಹಿಡಿ ಮೇಲಕ್ಕೆತ್ತು... ಆಮೇಲೆ ಎಳಿ."

ಊರಿನ ಕೋವಿಗಳನ್ನೆಲ್ಲ ರಿಪೇರಿ ಮಾಡಿಕೊಡುತ್ತಿದ್ದವನು ತೌನೊ. ಅದೇ ದನಿ.

ರೈನೊ ಕೈ ಹಿಂತೆಗೆದ. ಬೋಲ್ಟಿನ ಹಿಡಿ ತಾನೇ ಎದ್ದಿತು. ಕಟ್. ಸರ್ರ್... ತೋಟಾ ಹಲಗೆಗೆ ಬಿತ್ತು. ಠಿಣ್.

ಆಮೇಲೆ ಇನ್ನೊಂದು. ಠಿಣ್. ಅದರ ತುಂಬ ಜೌಗಿನ ಕೆಸರು.

ಮೈಮೇಲೆ ಟವೆಲ್ಲು ಒಂದೇ. ಹಿಮದಲ್ಲಿ ಬರಿಗಾಲಲ್ಲಿ ಓಡಿ ರೈನೊ ಹಿಲ್ಯಾಳ ಜಗಲಿಯಲ್ಲಿ ಕೋವಿಯನ್ನೂ ಎರಡು ತೋಟಾಗಳನ್ನೂ ಇಟ್ಟ. ಅವಳು ಆಗಲೇ ಬಾಗಿಲು ತೆರೆದು ನಿಂತಿದ್ದಳಂತೆ.

"ಬಾಯಿ ಬಿಡ್ತಾ?"

"ಎರಡು ಹೊಡೆದೆ ಅಕ್ಕ... ಎರಡು..."

ಷರೀಫ ಮರುದಿನ ಮಧ್ಯಾಹ್ನ ಬಂದ. ಎರಡು ತೋಟಾಗಳ ಬೆನ್ನಿನಲ್ಲೂ ಆ ಕೋವಿಯದೇ ಸೂಜಿ ಕುಟ್ಟಿದ ಓರೆ ಗುರುತು. ರೈನೊ ಈಗ ಜೈಲಿನಲ್ಲಿದ್ದಾನೆ, ಇರಲಿ, ಅಲ್ಲೇ ಕೊಳೆಯಲಿ. ನಂಬದಿದ್ದರೆ ಬಿಡಿ. ರಾತ್ರಿಯಿಡೀ ಜಗಲಿಯ ಹಿಮದ ಮೇಲಿದ್ದ ಆ ಎರಡನೆಯ ತೋಟಾವನ್ನು ಷರೀಫನ ಮುಂದೆ ಎತ್ತಿದವನು ನಾನೇ. ಇನ್ನೂ ಬಿಸಿಯಾಗಿತ್ತು. ಹೆಬ್ಬೆರಳಲ್ಲಿ ಗುರುತಿದೆ, ನೋಡಿ.