ಹೊರಡುವ ಮುಂಚೆ ಹೇಳಬೇಕಾದ ಮಾತು

ಸಿದ್ಧಕಟ್ಟೆಯ ಬಸ್ ತಂಗುದಾಣದಲ್ಲಿ ನನ್ನ ಪಕ್ಕ ವಯಸ್ಸಾದ ದಂಪತಿ ಕುಳಿತಿದ್ದರು. ಮೊಮ್ಮಗುವನ್ನು ನೋಡಲು ಮಸ್ಕತ್ತಿಗೆ ಹೊರಡುವ ಸಂಭ್ರಮ ಅವರದು. ಗಂಡ ಆಗಷ್ಟೇ ಪ್ರಯಾಣ ವಿಮೆಯ ಏಜೆಂಟರೊಡನೆ ಫೋನಿನಲ್ಲಿ ಮಾತು ಮುಗಿಸಿದ್ದರು.

“ಶುಗರ್ ಇಲ್ಲ ಅಂತ ಯಾಕೆ ಹೇಳಿದ್ದು?”

“ಶುಭಕ್ಕೆ ಹೊರಡುವಾಗ ಕಾಯಿಲೆಯ ಹೆಸರು ಎತ್ತಬಾರದು ಲೋಲಾಕ್ಷಿ.”

“ಅಲ್ಲಿ ತಲೆ ತಿರುಗಿ ಬಿದ್ರೆ? ಮುಚ್ಚಿಟ್ಟ ಕಾಯಿಲೆಗೆ ವಿಮೆಯವರು ಕೊಡುದಿಲ್ಲ. ಆಸ್ಪತ್ರೆ ಖರ್ಚೆಲ್ಲ ಮಗಳ ತಲೆಗೆ!”

“ಅಪಶಕುನ ಮಾರಾಯ್ತಿ!”

“ನಾವು ಹೊರಡುದು ಶುಕ್ರವಾರ ಅಲ್ವಾ? ಇವತ್ತು ಹೇಳಿದ್ರೆ ಅಪಶಕುನ ಅಲ್ಲ, ಎಲ್ಲ ಹೇಳಿ ಮುಗಿಸಿ.”

ಗಂಡನ ಮುಖ ಅರಳಿತು. ಮತ್ತೆ ಫೋನ್ ಮಾಡಿ ಕೂಗಿದರು: “ಶುಗರ್ ಉಂಟು! ಬಿಪಿಯೂ ಉಂಟು!”

“ಬಿಪಿಯಾ? ಯಾವಾಗಿಂದ? ನನಗೆ ಹೇಳಲೇ ಇಲ್ಲ!”

“ಮೂಡುಬಿದಿರೆ ಬಸ್ಸು ಬಂತು, ಹತ್ತು ಹತ್ತು!”

ಬಸ್ಸು ತಿರುವು ದಾಟುವವರೆಗೂ ಆಕೆಯ ಗದರಿಕೆ ಕೇಳುತ್ತಿತ್ತು. ಈಗಿಲ್ಲದ ನನ್ನವಳ ದನಿ ನೆನಪಾಯಿತು. ಅವರಿಬ್ಬರಿಗಾಗಿ ದೇವರಿಗೆ ಕೈಮುಗಿದೆ.