ಬಾಗಲಾ ಕಾಯೋ ಪಾತ್ರ

ನಮ್ಮ ಕಾಕಾನ ಮಗ ಶ್ರೀಪಾದ ಇದನ್ನ ಯಾರ ಮುಂದನೂ ಹೇಳೂದಿಲ್ಲ. ನಾ ಹೇಳ್ತೇನಿ.

ಎಂಬತ್ತನಾಲ್ಕನೇ ಇಸವಿ. ದೀಪಾವಳಿ ಮುಗದು ಸವಣೂರಾಗ ಚಳಿ ಬಿದ್ದಿತ್ತು. ರಾತ್ರಿ ಶ್ರೀಪಾದನೂ ಅವನ ದೋಸ್ತ ಮಂಜಪ್ಪನೂ ದೊಡ್ಡಹುಣಸಿ ಮರದ ಹಾದಿಲೆ ಮನಿಗೆ ಬರಾಕತ್ತಿದ್ರು. ದಿನಾ ಹೆಗಲಮ್ಯಾಲ ಕೈ ಹಾಕ್ಕೊಂಡು ಬರೋರು, ಅವತ್ತು ದೂರ ದೂರ.

"ಖರೇ ಹೇಳು," ಮಂಜಪ್ಪ ಪಿಸುಗುಟ್ಟಿದ. "ಆ ಧ್ವನಿ ನೀನ ತಗದಿ, ಹೌದಿಲ್ಲೋ?"

"ನಾ ಅಲ್ಲ… ನೀ ಅಲ್ಲಂತ ನಾ ಹ್ಯಾಂಗ ನಂಬ್ಲಿ?"

ಆಗಿದ್ದು ಏನಂದ್ರ, ಶ್ರೀಪಾದ ಪುಣೆ ಹಾಸ್ಟೆಲಿನಾಗ ಒಂದು ಆಟ ಕಲ್ತು ಬಂದಿದ್ದ. ಒಬ್ಬಾಂವ ಕತಿ ಹೇಳ್ಬೇಕು. ಉಳದವ್ರು ಒಂದೊಂದು ಪಾತ್ರ ಆಗಿ, ಆ ಕತಿಯೊಳಗ ತಾವು ಏನು ಮಾಡ್ತೇವಿ ಅಂತ ಹೇಳ್ಬೇಕು. ಅದು ಸಾಧಿಸ್ತೋ ಇಲ್ಲೋ ಅನ್ನೂದನ್ನ ದಾಳ ಹೇಳ್ತೈತಿ. ಬ್ಯಾಸಿಗಿ ಸೂಟ್ಯಾಗ ಒಂದು ಕತಿ ಆಡಿ ಮುಗಿಸಿದ್ರು. ಅವತ್ತು ಹೊಸಾದು ಚಾಲೂ.

ಕೂತಿದ್ದು ಇನ್ನೊಬ್ಬ ದೋಸ್ತ ಮಹಮ್ಮದಗೌಸನ ಮನಿ ಅಟ್ಟದ ಮ್ಯಾಲ. ಅವರಪ್ಪಂದು ಎಲಿ ವ್ಯಾಪಾರ. ಸುತ್ತಲೂ ವೀಳ್ಯದೆಲಿ ಪೆಂಡಿ, ಹಸಿ ವಾಸನಿ. ಗೌಸ ಕುದುರಿ ವ್ಯಾಪಾರಿ ಆದ. ಮಂಜಪ್ಪ ಪೈಲ್ವಾನ. ಗೌಸನ ತಂಗಿ ಶಾಕೀರಾ ಈ ಸಲ ಹಟಾ ಹಿಡದು ಸೇರಿ, ತಾನು ಹಕೀಮ ಅಂದ್ಲು.

ಶ್ರೀಪಾದ ಕತಿ ಹಚ್ಚಿದ. "ಒಂದು ಪಾಳು ವಾಡೆ. ಕತ್ತಲಾಗೇತಿ. ನೀವೆಲ್ಲಾ ಹೊರಗ ನಿಂತೀರಿ. ಬಾಗಲಾ ಒಳಗಿಂದ ಹಾಕೇತಿ. ಏನು ಮಾಡ್ತೀರಿ?"

ಫಟ್ಟಂತ ಲೈಟ್ ಹೋತು.

ಆಟದ ಗುಂಗು. ಕತ್ತಲದಾಗನ ನಡಸಿದ್ರು. "ನಾ ಬಾಗಲಾ ಬಡೀತೇನಿ," ಅಂದ ಗೌಸ. "ನಾ ಹೆಗಲ ಕೊಟ್ಟು ನೂಕ್ತೇನಿ," ಅಂದ ಮಂಜಪ್ಪ. ಹಲಗಿ ಮ್ಯಾಲ ದಾಳ ಉಳ್ಳಿತು. ಟಕ್… ಟಕ್… ಟರ್ರ್…

ಆಮ್ಯಾಲ ಒಂದು ಹೆಣ್ಣಿನ ಧ್ವನಿ. ಸಣ್ಣಗ.

"ನೂಕಬ್ಯಾಡ್ರಿ… ಒಳಗ ನಾ ಅದೇನಿ."

ಶಾಕೀರಾ ಅಂತ ತಿಳದ ಶ್ರೀಪಾದ. "ನೀ ಹಕೀಮ. ಹೊರಗಿರ್ಬೇಕು ನೀ," ಅಂದ.

"ನಾ ಬಾಗಲಾ ಕಾಯಾಕಿ… ಇನ್ನ ಸಾಕು, ಹೋಗು ಅಂತ ಯಾರೂ ಅನ್ನಲಿಲ್ಲ."

ಅಷ್ಟರಾಗ ನಿಚ್ಚಣಿಕಿ ಕಿರ್ರ್ ಅಂತು. ಕೆಳಗಿಂದ ಬೆಳಕು ಬಂತು. ಕಂದೀಲಾ ಹಿಡಕೊಂಡು ಹತ್ತಿ ಬಂದಾಕಿ… ಶಾಕೀರಾ. ಲೈಟ್ ಹೋದ ಕೂಡ್ಲೆ ಸಪ್ಪಳಿಲ್ಲದ ಇಳದು ಹೋಗಿದ್ಲಂತ.

ಒಬ್ಬರ ಮಾರಿ ಒಬ್ಬರು ನೋಡಿದ್ರು.

"ನಮ್ಮನ್ಯಾಗ ಇಂಥಾ ಚೇಷ್ಟಿ ಬ್ಯಾಡ," ಗೌಸ ಶ್ರೀಪಾದಗ ಅಂದ.

"ನಂದಲ್ಲ. ಅಣ್ಣ-ತಂಗಿ ಕೂಡಿ ಮಾಡೀರಿ," ಅಂದುಬಿಟ್ಟ ಇಂವ.

ಸಣ್ಣಂದಿಂದ ಕೂಡಿ ಆಡಿದವ್ರು. ಗೌಸ ಕಂದೀಲಾ ಎತ್ತಿ ನಿಚ್ಚಣಿಕಿ ತೋರಿಸಿದ, ಇಳೀರಿ ಅಂತ.

ಹಂಗ ಎದ್ದು ಬಂದವ್ರು ಇಬ್ರೂ ಮರದ ಕೆಳಗ ಬಂದಿದ್ರು. ಆವಾಗ ಬೆನ್ನ ಹಿಂದ… ಟಕ್… ಟಕ್… ಟರ್ರ್…

"ಕೈ ತೋರ್ಸು," ಅಂದ ಮಂಜಪ್ಪ.

ಶ್ರೀಪಾದ ಬೆಳದಿಂಗಳಾಗ ಎರಡೂ ಅಂಗೈ ಬಿಚ್ಚಿದ. ಖಾಲಿ. ದಾಳ ಗೌಸನ ಅಟ್ಟದ ಮ್ಯಾಲನ ಉಳದಿತ್ತು.

"ಮುಂದ ಏನಾತು?"

ಕಿವಿ ಹತ್ರನ ಕೇಳ್ತು. ಶ್ರೀಪಾದ ಮಂಜಪ್ಪನ ತುಟಿ ನೋಡಾಕತ್ತಿದ್ದ. ಮಂಜಪ್ಪ ಇವನ ತುಟಿ. ಇಬ್ಬರವೂ ಅಲ್ಲಾಡಿರಲಿಲ್ಲ.

ಮಂಜಪ್ಪ ಇವನ ರಟ್ಟಿ ಹಿಡದು ಜಗ್ಗಿದ. ಶ್ರೀಪಾದ ಓಡ್ಲಿಲ್ಲ. ಕತಿ ಹಚ್ಚಿದಾಂವ ನಾ, ಮುಗಿಸಾಂವನೂ ನಾನ ಅನಿಸ್ತಂತ.

"ಮುಂದ… ಬೆಳಗಾತು. ವಾಡೆದಾಗ ಯಾರೂ ಉಳದಿಲ್ಲ. ಕಾಯೂದು ಮುಗೀತು. ಇನ್ನ ನೀವು ಮನಿಗೆ ಹೋಗ್ರಿ, ಅವ್ವಾ."

ಸುಮ್ಮನಾತು… ಒಂದು ಎಲಿನೂ ಮಿಸುಕಲಿಲ್ಲ. ಆಮ್ಯಾಲ ಕಬ್ಬಿಣದ ಅಗಳಿ ಸರಿಸಿದ ಸಪ್ಪಳ. ಕರ್ರ್… ಠಣ್.

ಆ ಬಯಲಾಗ ಅಗಳಿ ಎಲ್ಲಿಂದ ಬರ್ಬೇಕು, ಹೇಳ್ರಿ?

ಮರದಿನ ಶ್ರೀಪಾದ ತಾನಾಗಿ ಗೌಸನ ಮನಿಗೆ ಹೋಗಿ, "ತಪ್ಪಾತು" ಅಂದ. ದೋಸ್ತಿ ಉಳೀತು. ಆಟ ಮಾತ್ರ ಯಾರೂ ಮತ್ತ ಎತ್ತಲಿಲ್ಲ.

ಇಂವನ ಏನೋ ಗಾರುಡಿ ಮಾಡ್ಯಾನ ಅಂತ ನೀವು ಅಂದ್ರ ನಂದೇನೂ ತಕರಾರಿಲ್ಲ. ನನಗೂ ಅದ ಸಂಶೆ ಇರ್ತಿತ್ತು… ಆದ್ರ ಆ ರಾತ್ರಿ ನಾ ಶ್ರೀಪಾದನ ಮನ್ಯಾಗ ಇದ್ದೆ. ಮಲಗೂ ಮುಂದ ನಮ್ಮ ಕಾಕು, ಅವನ ಅವ್ವ ಭಾಗೀರಥಿಬಾಯಿ, ತಲಬಾಗಲಕ್ಕ ಒಳಗಿಂದ ಅಗಳಿ ಹಾಕಿದ್ದನ್ನ ಕಣ್ಣಾರೆ ನೋಡೇನಿ. ಶ್ರೀಪಾದ ಬಂದಾಗ ಬಾಗಲಾ ಹಾರು ಹೊಡದಿತ್ತು. ಕಾಕು ಗೊರಕಿ ಹೊಡ್ಯಾಕತ್ತಿದ್ರು. ಅಂವ ನನ್ನ ಎಬ್ಬಿಸಿದ. ನನ್ನ ಕೈ ಒಯ್ದು ಅಗಳಿ ಮ್ಯಾಲ ಇಟ್ಟ.

ಕಬ್ಬಿಣ. ಅಂಥಾ ಚಳಿಯಾಗ.

ಬೆಚ್ಚಗಿತ್ತು… ಯಾರೋ ಈಗಷ್ಟ ಕೈ ಬಿಟ್ಟಂಗ.

ಖರೇನರಿ. ನಾ ಮುಟ್ಟೇನಿ.