ಸೋಮವಾರದವರೆಗಿನ ಗುರುತು

ರೈನ್ ನದಿಯ ದಂಡೆಯ ದೊಡ್ಡ ಚರ್ಚಿನ ಗೋಪುರ ಹತ್ತುವ ಸಾಲಿನಲ್ಲಿ ಯುಟ್ಟಾಳ ಮುಂದೆ ಇಬ್ಬರು ಮುದುಕಿಯರು ನಿಂತಿದ್ದರು. ಹಿರಿಯವಳು ಊರುಗೋಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಿದ್ದುದನ್ನೇ ಯುಟ್ಟಾ ಆತಂಕದಿಂದ ನೋಡುತ್ತಿದ್ದಳು.

“ಮುನ್ನೂರು ಮೆಟ್ಲು ಕಣಕ್ಕಾ. ನಿನ್ನ ಮಂಡೀನ ಕೇಳಿದೀಯಾ?”

“ಅದನ್ನ ಕೇಳ್ಕೊಂಡು ಬಂದಿಲ್ಲ ಗೆರ್ಡಾ.”

“ಭಾವ ಇಲ್ಲಿ ಕಲ್ಲು ಕೆತ್ತುತ್ತಿದ್ದಾಗ ಎಷ್ಟು ಸಲ ಕರೆದ್ರು! ಒಂದಿನಾನೂ ಹತ್ಲಿಲ್ಲ ನೀನು.”

“ಆಗ ಸಂಜೆಯಾದ್ರೆ ಅವರೇ ಕೆಳಗಿಳಿದು ಬರ್ತಿದ್ರಲ್ಲ.”

ಗೆರ್ಡಾ ಅಕ್ಕನ ಶಾಲನ್ನು ಸರಿಪಡಿಸಿದಳು.

“ಸವೆದ ಕಲ್ಲು ತೆಗೆದು ಹೊಸದು ಕೂರಿಸೋದು ಇಲ್ಲಿ ಇದ್ದದ್ದೇ. ಮೇಲಿರೋ ಭಾವನ ಕಲ್ಲಿನ ಜಾಗಕ್ಕೆ ಹೊಸದು ಕೆತ್ತಿರೋಳು ನಿನ್ನ ಮಗಳೇ. ಖುಷಿಪಡು.”

“ಖುಷೀನೇ. ಅವಳು ತನ್ನ ಕಲ್ಲಲ್ಲಿ ಕೆತ್ತಿದ ಗುರುತು ನೂರು ವರ್ಷ ಇರುತ್ತೆ. ಅವರದು ಸೋಮವಾರ ಆ ಹಳೇ ಕಲ್ಲು ತೆಗೆಯೋವರೆಗೆ.”

“ಫೋಟೋ ತೆಕ್ಕೊಡ್ತೀನಿ ಅಂದ್ಲಲ್ಲ?”

“ಫೋಟೋ ಸವರಿದ್ರೆ ಅವರ ಉಳಿಯ ಗೆರೆ ಬೆರಳಿಗೆ ಸಿಗುತ್ತಾ?”

ಕಾವಲಿನವನು ಬಾಗಿಲು ತೆರೆದ. ಗೆರ್ಡಾ ಊರುಗೋಲನ್ನು ತಾನು ತೆಗೆದುಕೊಂಡು ಅಕ್ಕನ ಕೈಗೆ ಗೋಡೆಗುಂಟ ಕಟ್ಟಿದ್ದ ಹಗ್ಗವನ್ನು ಹಿಡಿಸಿದಳು.

“ಮುಂದೆ ನಡಿ. ಬಿದ್ರೆ ನನ್ನ ಮೇಲೇ ಬೀಳು, ದಪ್ಪಗಿದೀನಿ.”

ಸುರುಳಿ ಮೆಟ್ಟಿಲಿನ ಮೊದಲ ತಿರುವಿನಲ್ಲಿ ಇಬ್ಬರೂ ಮರೆಯಾದರು. ಹಿಂದಿನವರು ಅವಸರಪಡಿಸಿದರೂ ಯುಟ್ಟಾ ಬಾಗಿಲಿಗೆ ಅಡ್ಡವಾಗಿ, ಆ ನಿಧಾನದ ಹೆಜ್ಜೆಗಳ ಸದ್ದು ಕೇಳಿಸದಾಗುವ ತನಕ ನಿಂತೇ ಇದ್ದಳು.